ಪುಟ್ಟಿ ಒಣಗದ ಕಿಟಕಿ

ಮೊದಲು ಆ ಬಾಗಿಲು ಹಾಕ್ಕೊಂಡು ಬನ್ನಿ. ಹಾಂ... ಇದು ಯಾರೋ ಹೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಮಧ್ಯದಲ್ಲಿ ಯಾರೂ ನಗೋ ಹಾಗಿಲ್ಲ.

ಅಕ್ಕ ಔಷಧಿ ಅಂಗಡಿ ಮುಚ್ಚಿ ಮನೆಗೆ ಹೊರಟಿದ್ದಳು. ದಾರಿಯಲ್ಲಿ ಒಂದು ಹಾಳುಬಾವಿ. ಬೀದಿದೀಪದ ಬೆಳಕು ಅಲ್ಲಿವರೆಗೆ ಬರಲ್ಲ. ಬಾವಿಕಟ್ಟೆ ಮೇಲೆ ಯಾರೋ ಕೂತಿದ್ದರು... ಸರ್ರ್... ಟಪ್. ಸರ್ರ್... ಟಪ್. ಅಳತೆ ಟೇಪು ಎಳೆಯೋದು, ಬಿಡೋದು.

ಅಕ್ಕನ ಎದೆ ಧಸಕ್ ಅಂತು. ದೆವ್ವ ಅಂತಲ್ಲ ಕಣ್ರೀ! ಆಗ ಆ ಯೋಚನೆಯೇ ಇರಲಿಲ್ಲ. ಕೂತಿದ್ದವನು ಕಿಟಕಿ ಕೆಲಸದವನು. ಅವನ ಕಣ್ಣಿಗೆ ಬೀಳಬಾರದು ಅಂತ ಅವಳು ನಾಲ್ಕು ದಿನದಿಂದ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದಳು.

ಯಾಕೆ ಅಂತೀರಾ? ಅವಳ ಮಗಳಿಗೆ ಉಬ್ಬಸ. ಐದು ವರ್ಷದ ಕೂಸು. ಅಮ್ಮ ಮಗಳು ಮಲಗೋ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಮರ ಉಬ್ಬಿಕೊಂಡು ತೆಗೆಯೋಕೆ ಇಬ್ಬರು ಬೇಕು. ರಾತ್ರಿ ಮಗು ಉಸಿರಿಗೆ ಒದ್ದಾಡಿದರೆ ಅಕ್ಕನ ಜೀವ ಬಾಯಿಗೆ ಬರೋದು. ಭಾವ ಕೆಲಸದ ಮೇಲೆ ಪರವೂರಿನಲ್ಲಿ. ಸರಿ, ಮನೆಯ ಕಿಟಕಿಗಳನ್ನೆಲ್ಲ ಬದಲಾಯಿಸೇಬಿಡೋಣ ಅಂತ ಇಬ್ಬರನ್ನ ಕರೆಸಿದಳು.

ಮೊದಲನೆಯವನು ಮಾತಿನಮಲ್ಲ. ಬಂದ, ಮೊಬೈಲಿನಲ್ಲಿ ಚಿತ್ರ ತೋರಿಸಿದ, "ಸೋಮವಾರ ಬರ್ತೀನಿ, ಸಂಜೆಗೆ ಮುಗಿಸ್ತೀನಿ" ಅಂದ. ಅಳತೆ ಮಾತ್ರ ಕಣ್ಣಲ್ಲೇ ತಗೊಂಡ, ಪುಣ್ಯಾತ್ಮ!

ಇನ್ನೊಬ್ಬ ಬಂದದ್ದು ಮುಸ್ಸಂಜೆಗೆ. ಎಡಗೈ ಹೆಬ್ಬೆರಳು ಮೊಂಡು. ಮೈಯೆಲ್ಲ ಅಗಸೆಎಣ್ಣೆ ವಾಸನೆ. ಮೂಲೆಮೂಲೆಗೂ ಟೇಪು ಹಿಡಿದ. ತಲೆ ಎತ್ತಿ ಒಮ್ಮೆಯೂ ನೋಡಲಿಲ್ಲ. ಆಮೇಲೆ ಮಗುವನ್ನ ಕರೆದು ಹೇಳಿಕೊಟ್ಟ.

"ಗಾಜು ಕೂರಿಸಿದ ಮೇಲೆ ಮಾಮ ಹೊರಗಿಂದ ಎರಡು ಸಲ ತಟ್ಟುತ್ತೆ. ಗಟ್ಟಿಯಾಗಿದೆ ಅನ್ನಿಸಿದರೆ ನೀನೂ ಒಳಗಿಂದ ಎರಡು ಸಲ ತಟ್ಟು. ಆಮೇಲೆ ಅಗಸೆಎಣ್ಣೆಯಲ್ಲಿ ಕಲಸಿದ ಪುಟ್ಟಿ ಸುತ್ತ ಮೆತ್ತಿ ಸಂದಿ ಮುಚ್ಚೋದು. ತಟ್ಟಿದ ಮೇಲೆ ಮುಗೀತು, ಬದಲಾಯಿಸೋ ಹಾಗಿಲ್ಲ."

ಮಗುವಿಗೆ ಅದೊಂದು ಆಟ. ಟಕ್ ಟಕ್ ಅಂತ ಊಟದ ತಟ್ಟೆಯನ್ನೂ ಬಿಡಲಿಲ್ಲ.

ಹೊರಡುವಾಗ ಅವನು ಅಂದ, "ಬೇರೆಯವರಿಗೆ ಕೊಟ್ಟರೂ ಬೇಜಾರಿಲ್ಲಮ್ಮ. ಒಂದು ಮಾತು ತಿಳಿಸಿಬಿಡಿ. ಕಾಯಿಸಬೇಡಿ."

"ಅಯ್ಯೋ, ಖಂಡಿತ" ಅಂದಳು ಅಕ್ಕ. ಕೆಲಸ ಕೊಟ್ಟದ್ದು ಮಾತಿನಮಲ್ಲನಿಗೆ. ಬೇಗ ಆಗುತ್ತಲ್ಲ! ಇವನಿಗೆ ತಿಳಿಸಲಿಲ್ಲ. ನಾವೆಲ್ಲ ಹಾಗೇ ತಾನೇ? ಮುಖ ನೋಡಿ ಬೇಡ ಅನ್ನೋಕೆ ನಾಲಿಗೆ ಏಳಲ್ಲ.

ಈಗ ನೋಡಿದರೆ ಬಾವಿಕಟ್ಟೆ ಮೇಲೆ ಅವನೇ. ಸರ್ರ್... ಟಪ್.

"ಏನು ತೀರ್ಮಾನ ಮಾಡಿದ್ರಮ್ಮ?" ಪಿಸುಮಾತು.

"ಇನ್ನೂ... ಯೋಚನೆ ಮಾಡ್ತಿದ್ದೀವಿ."

"ಹಾಗಾದರೆ ನಾನೇ ಬರಲಾ?"

"ನೋಡೋಣ..." ಅಂದಳು. ನೋಡೋಣವಂತೆ! ಅಷ್ಟು ಹೇಳಿ ಸರಸರ ಹೆಜ್ಜೆ ಹಾಕಿದಳು. ಹಿಂದೆ ಹೆಜ್ಜೆ ಸದ್ದಿಲ್ಲ. ಅಗಸೆಎಣ್ಣೆ ವಾಸನೆ ಮಾತ್ರ ಮನೆ ಬಾಗಿಲವರೆಗೂ ಬಂತು.

ಪಕ್ಕದ ಮನೆ ಅಜ್ಜಿಯ ಹತ್ತಿರ ಬಿಟ್ಟಿದ್ದ ಮಗುವನ್ನ ಕರೆತಂದು ಮಲಗಿಸಿದಳು. ಕೋಣೆಯ ಬಲ್ಬು ಸುಟ್ಟುಹೋಗಿತ್ತು. ನಡುಮನೆ ದೀಪ ಹಾಗೇ ಉರಿಯಲಿ ಅಂತ ಬಿಟ್ಟು ಬಾಗಿಲು ಮುಂದೆ ಮಾಡಿದಳು. ಕಣ್ಣಿಗೆ ಜೊಂಪು ಹತ್ತಿರಬೇಕು...

ಟಕ್... ಟಕ್.

ಕಿಟಕಿಯ ಗಾಜು. ಯಾವಾಗ ಎಚ್ಚರವಾಗಿತ್ತೋ, ಕಿಟಕಿ ಪಕ್ಕದಲ್ಲಿದ್ದ ಮಗು ಕಿಸಕ್ ಅಂತ ನಕ್ಕಿತು.

"ಅಮ್ಮಾ... ಮಾಮ ಬಂತು."

ಬೇಡ ಅನ್ನೋಷ್ಟರಲ್ಲಿ ಅದು ಕೈ ಚಾಚಿಯಾಗಿತ್ತು. ಟಕ್, ಟಕ್.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ... ಸ್ಸ್ರಕ್... ಸ್ಸ್ರಕ್... ತಗಡಿನ ಪಟ್ಟಿಯಲ್ಲಿ ಪುಟ್ಟಿ ಎಳೆಯೋ ಸದ್ದು. ಕಿಟಕಿಯ ಮೇಲಿಂದ ಬದಿಗೆ, ಬದಿಯಿಂದ ಕೆಳಕ್ಕೆ. ನಿಧಾನ. ಬಲು ನೀಟು.

ಅಕ್ಕ ಚಿಲಕ ಎಳೆದಳು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬಾಗಿಲಿಗೆ ಓಡಿದಳು. ಬರೀ ಮುಂದೆ ಮಾಡಿದ್ದ ಬಾಗಿಲು ಗೋಡೆ ಹಾಗೆ ನಿಂತಿತ್ತು. ಅದರ ಕೆಳಗಿನ ಸಂದಿಯಲ್ಲಿ ನಡುಮನೆ ಬೆಳಕಿನ ಗೆರೆ ಕಾಣುತ್ತಿತ್ತಲ್ಲ... ಸ್ಸ್ರಕ್... ಆ ಗೆರೆ ಒಂದು ತುದಿಯಿಂದ ಅಳಿಸುತ್ತಾ ಬಂತು. ಸ್ಸ್ರಕ್... ಅರ್ಧ ಹೋಯಿತು. ಸ್ಸ್ರಕ್... ಪೂರ್ತಿ ಕತ್ತಲು.

ಹಿಂದೆ ಮಗುವಿನ ಎದೆ ಕುಂಯ್... ಕುಂಯ್... ಅನ್ನತೊಡಗಿತು. "ಅಮ್ಮಾ... ಗಾಳಿ..."

ಕೂಗಿದಳು. ಗೋಡೆ ಗುದ್ದಿದಳು. ಅಜ್ಜಿಗೆ ಕೇಳಲಿಲ್ಲ, ಬೀದಿಗೂ ಕೇಳಲಿಲ್ಲ. ಅವಳ ದನಿ ಅವಳ ಕಿವಿಗೇ ವಾಪಸ್ ಬರುತ್ತಿತ್ತು. ಮಗುವನ್ನ ಎದೆಗವಚಿಕೊಂಡಳು. ಅದು ಮೀನು ಬಾಯಿ ಬಿಟ್ಟ ಹಾಗೆ ಬಾಯಿ ಬಿಡುತ್ತಿತ್ತು. ಕೈಕಾಲು ತಣ್ಣಗಾಗುತ್ತಿತ್ತು. ಆಗ ಅಕ್ಕನಿಗೆ ಹೊಳೆಯಿತು ನೋಡಿ.

"ಬೇಡ!" ಅಂತ ಕಿರುಚಿದಳು. "ಕೆಲಸ ನಿಮಗೆ ಕೊಡಲ್ಲ! ಬೇರೆಯವರಿಗೆ ಕೊಟ್ಟಾಯ್ತು! ಸುಳ್ಳು ಹೇಳಿದೆ, ತಪ್ಪಾಯ್ತು!"

ಸದ್ದು ನಿಂತಿತು.

"ಇಷ್ಟು ಹೇಳೋಕೆ... ಏನಮ್ಮ ಕಷ್ಟ ಇತ್ತು?"

ಅಷ್ಟೇ. ಅಕ್ಕ ಚಿಲಕಕ್ಕೆ ಕೈ ಹಾಕಿದಳು. ಇಬ್ಬರು ಸೇರಿ ಎಳೆಯಬೇಕಿದ್ದ ಕಿಟಕಿ ಒಂದೇ ಬೆರಳಿಗೆ ತೆರೆದುಕೊಂಡಿತು. ಮಗು ಕಂಬಿಗೆ ಮುಖ ಒತ್ತಿ ಗಟಗಟ ಗಾಳಿ ಕುಡಿಯಿತು. ಅಕ್ಕ ಅಲ್ಲೇ ಕುಸಿದು ಅತ್ತಳು.

ಮಾರನೆಯ ದಿನ ಸೋಮವಾರ. ಬೆಳಿಗ್ಗೆ ಮಾತಿನಮಲ್ಲ ಬಂದ. ಕಿಟಕಿ ನೋಡಿದವನು ಮೊದಲ ಸಲ ಬಾಯಿ ಮುಚ್ಚಿಕೊಂಡ.

"ಯಾರಮ್ಮ ಇಲ್ಲಿ ಪುಟ್ಟಿ ಹಾಕಿದ್ದು?"

"ರಾತ್ರಿ... ಹೊರಗಿಂದ ಯಾರೋ..."

"ಹೊರಗೆಲ್ಲಿದೆ? ನೋಡಿ ಇಲ್ಲಿ."

ಪುಟ್ಟಿ ಇದ್ದದ್ದು ಒಳಗಡೆ. ಕಿಟಕಿಗೂ ಅಷ್ಟೇ, ಬಾಗಿಲ ಸಂದಿಗೂ ಅಷ್ಟೇ. ಅವಳು ಮಲಗಿದ್ದ ಕೋಣೆಯ ಒಳಗಡೆ. ಉದ್ದಕ್ಕೂ ಒಂದು ಮೊಂಡು ಹೆಬ್ಬೆರಳಿನ ಗುರುತು.

"ಅವನಾ..." ಅಂದ ಮಾತಿನಮಲ್ಲ, ಆ ಹೆಬ್ಬೆರಳಿನ ಗುರುತು ಹಿಡಿದು. "ಅವನು ಹೋದ ವರ್ಷವೇ ತೀರಿಕೊಂಡನಲ್ಲಮ್ಮ." ಉಳಿದ ಕಿಟಕಿಗಳನ್ನೆಲ್ಲ ಬದಲಾಯಿಸಿದ. ಅದೊಂದನ್ನ ಮುಟ್ಟಲಿಲ್ಲ.

ಅಕ್ಕ ಈಗ ಯಾರಿಗೂ ನೋಡೋಣ ಅನ್ನಲ್ಲ. ಬೇಡ ಅಂದರೆ ಬಾಗಿಲಲ್ಲೇ ಬೇಡ. ನೀವು ನಂಬಿ, ಬಿಡಿ. ಇದಾಗಿ ಎಷ್ಟೋ ವರ್ಷವಾಯಿತು, ಹೋದ ವಾರ ಅವಳ ಮನೆಗೆ ಹೋಗಿದ್ದಾಗ ನಾನೇ ಆ ಪುಟ್ಟಿಯ ಮೇಲೆ ಬೆರಳಿಟ್ಟು ನೋಡಿದೆ.

ಇನ್ನೂ ಹಸಿಯಾಗಿದೆ.