ಮಗದುಮ್ ಅವರ ಹೊಲದ ಬಸಿನೀರಿನ ಬಾಗಿಲು ಮುಚ್ಚಿದ ಬಗ್ಗೆ

ನೀಲಮ ಗಂಡ ಬಾಳು ಕಾಂಬಳೆ, ವಯಸ್ಸು 48 ವರ್ಷ, ವಿದ್ಯಾಭ್ಯಾಸ ಎಂ.ಎ., ಉದ್ಯೋಗ ಅತಿಥಿ ಉಪನ್ಯಾಸಕಿ ಹಾಗೂ ಒಕ್ಕಲುತನ, ಸಾ. ದಿಗ್ಗೇವಾಡಿ, ತಾ. ರಾಯಬಾಗ, ಜಿ. ಬೆಳಗಾವಿ.

ನನ್ನ ಮೇಲೆ ಬಂದ ದೂರಿನ ಸಂಬಂಧ ಇಂದು ಬೆಳಿಗ್ಗೆ 10-40ಕ್ಕೆ ನಾನಾಗಿಯೇ ಠಾಣೆಗೆ ಬಂದು ಬರೆಸಿದ ಸಂಗತಿ ಹೀಗಿದೆ.

ದಿಗ್ಗೇವಾಡಿ ಸೀಮೆಯಲ್ಲಿ ನನ್ನ ಅತ್ತೆ ಶೇವಂತಾ, ವಯಸ್ಸು 73, ಇವರ ಹೆಸರಿನಲ್ಲಿ 1 ಎಕರೆ 20 ಗುಂಟೆ ಜಮೀನು ಇದೆ. ಬದುವಿನ ಮೇಲ್ಭಾಗಕ್ಕೆ ಕಾಕಾಸಾಹೇಬ ಧರೆಪ್ಪ ಮಗದುಮ್ ಇವರ ಕಬ್ಬಿನ ಹೊಲ. ಹೆಚ್ಚು ನೀರಿಗೆ ಹೆಚ್ಚು ತೂಕ ಎಂದು ನಂಬಿದ ಅವರು ಕಬ್ಬಿಗೆ ಎಡೆಬಿಡದೆ ನೀರು ಹಾಯಿಸುತ್ತ ಬಂದರು. ಆ ನೀರು ಕೆಳಗೆ ಬಸಿದು ನಮ್ಮ ಭೂಮಿ ಸವಳಾಯಿತು. ಹನ್ನೊಂದು ವರ್ಷ ಅದರಲ್ಲಿ ಏನೂ ಬೆಳೆಯಲಿಲ್ಲ. ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕೂಡುತ್ತಿತ್ತು. ಆ ಹನ್ನೊಂದು ವರ್ಷ ಅತ್ತೆ ಮಗದುಮ್ ಅವರ ಹೊಲಕ್ಕೇ ಕೂಲಿಗೆ ಹೋದರು.

2023ರಲ್ಲಿ ಹಾಲೆಂಡಿನ ತಜ್ಞರ ನೆರವಿನಿಂದ ಎರಡೂ ಹೊಲಗಳಲ್ಲಿ 1 ಮೀಟರ್ 20 ಸೆಂ.ಮೀ. ಆಳಕ್ಕೆ ತೂತಿನ ಪೈಪುಗಳನ್ನು ಹುಗಿದು, ಹೆಚ್ಚಾದ ನೀರು ಹಳ್ಳಕ್ಕೆ ಹೋಗುವಂತೆ ಮಾಡಲಾಯಿತು. ಮಗದುಮ್ ಅವರ ಪೈಪು ನಮ್ಮ ಹೊಲ ಸೇರುವಲ್ಲಿ, ನಮ್ಮ ಬದುವಿನ ಕಡೆ, ಸಿಮೆಂಟಿನ ಗುಂಡಿ ಕಟ್ಟಿ ಕಬ್ಬಿಣದ ಬಾಗಿಲು ಕೂಡಿಸಿದರು. ತೆರೆದಿದ್ದರೆ ಅವರ ನೀರು ಹಳ್ಳಕ್ಕೆ ಹೋಗುತ್ತದೆ. ಮುಚ್ಚಿದರೆ ಅವರ ನೆಲದಲ್ಲೇ ನಿಲ್ಲುತ್ತದೆ. ಹೊಲ ಒಣಗುವ ದಿನಗಳಲ್ಲಿ ಹಸಿ ಉಳಿಯಲೆಂದು ಮುಚ್ಚುವುದು ರೂಢಿ. ಮುಚ್ಚಿದಾಗ ಮೇಲಿನ ಹೊಲದವರಿಗೆ ಬರೆದು ತಿಳಿಸಬೇಕು, ಅವರು ನೀರು ಬಿಡಬಾರದು. ಕೀಲಿ ಕೆಳಗಿನ ಹೊಲದವರ ಕೈಯಲ್ಲಿರಬೇಕೆಂದು ನಿಯಮವಿದೆ. ಅದು ನನ್ನ ಬಳಿ ಇದೆ.

ಕಳೆದ ಹಿಂಗಾರಿಗೆ ನಮ್ಮ ಹೊಲದಲ್ಲಿ ಬಿಳಿಜೋಳ ಬಂದಿತು. ಅತ್ತೆಯ ಎತ್ತರಕ್ಕಿಂತ ಒಂದು ಗೇಣು ಮೇಲಿತ್ತು. ದಿ. 16-02-2025ರಂದು ಹಾಲೆಂಡಿನ ತಂಡದವರು ಮೊದಲೇ ಗುರುತು ಹಾಕಿದ ಐದು ಮೀಟರ್ ಚೌಕದ ತೆನೆ ಕೊಯ್ದು ತೂಗುವವರಿದ್ದರು. ಆ ತೂಕ ನೋಡಿ, ನಮ್ಮ ಓಣಿಯ ಉಳಿದ ಮನೆಗಳ 22 ಎಕರೆ ಸವಳು ಭೂಮಿಗೆ ಪೈಪು ಹಾಕುವುದೋ ಬಿಡುವುದೋ ಎಂದು ಗೊತ್ತುಮಾಡುವುದಿತ್ತು.

ದಿ. 09-02-2025, ಭಾನುವಾರ, ಬೆಳಿಗ್ಗೆ 8-15ಕ್ಕೆ ಮಗದುಮ್ ಅವರು ಎರಡು ಟ್ರಾಲಿ ಕಬ್ಬು ತುಂಬಿದ ಟ್ರ್ಯಾಕ್ಟರನ್ನು ನಮ್ಮ ಜೋಳದಲ್ಲಿ ಹಾಯಿಸಿದರು. ಅವರದೇ ನೀರಿನಿಂದ ಅವರ ದಾರಿ ಕೆಸರಾಗಿತ್ತು. ಮಧ್ಯಾಹ್ನದವರೆಗೆ ಐದು ಸಲ ಹೋದರು, ಒಂದೇ ಗಾಲಿಜಾಡು ಹಿಡಿಯದೆ ಪ್ರತಿ ಸಲ ಬೇರೆ ಕಡೆ ಹಾಯಿಸಿದರು. ಅಡ್ಡ ನಿಂತ ಅತ್ತೆಗೆ ಅವರು ಹೇಳಿದ್ದನ್ನು, ಅತ್ತೆ ನನಗೆ ತಿಳಿಸಿದಂತೆಯೇ ಬರೆಸುತ್ತೇನೆ: “ಏ ಮುದಕಿ, ಸರಿ ಅತ್ಲಾಗ. ನಿಮ್ಮ ಹಾಲೆಂಡ ಬೀಗರು ಬರತಾರಲ್ಲ, ಅವರಿಗೆ ಕೇಳ, ತುಂಬಿ ಕೊಡ್ತಾರ.” ಅತ್ತೆ ಸರಿದರು. ನಾನು ತಲುಪಿದಾಗ 11-30. ಮುರಿದ ದಂಟುಗಳನ್ನು ಅತ್ತೆ ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದರು.

ದಿ. 16ರಂದು ತೂಗಿದಾಗ ಆ ಚೌಕದಲ್ಲಿ 900 ಗ್ರಾಂ ಜೋಳ ಸಿಕ್ಕಿತು. ನಾಲ್ಕು ಕಿಲೋ ಬರಬೇಕಿತ್ತು. ನಡೆದದ್ದನ್ನು ನಾನು ವಿವರಿಸಿದೆ. ತಂಡದ ಎಂಜಿನಿಯರ್ ಹೆಣ್ಣುಮಗಳು ಬಹಳ ನೊಂದುಕೊಂಡರು, ಆದರೆ ತಕ್ಕಡಿ ತೋರಿಸಿದ್ದನ್ನಷ್ಟೇ ಬರೆಯಲು ಬರುತ್ತದೆ ಎಂದರು. ನಮ್ಮ ಓಣಿಗೆ ಬರಬೇಕಿದ್ದ ಪೈಪುಗಳು ಬೇರೆ ಊರಿಗೆ ಹೋದವು. ಅದೇ ದಿನ ಮಗದುಮ್ ಅವರು ತಂಡಕ್ಕೆ ಹಾರ ಹಾಕಿ ಕಬ್ಬಿನ ಹಾಲು ಕುಡಿಸಿದರು.

ದಿ. 17ರಂದು ಬೆಳಿಗ್ಗೆ 6-15ಕ್ಕೆ, ಎಂಟು ದಿನ ಯೋಚಿಸಿ, ನಾನು ಬಾಗಿಲು ಮುಚ್ಚಿ ಕೀಲಿ ಹಾಕಿದೆ. ಆ ಬದಿಗೆ ಅವರ ಮೂರು ಎಕರೆ ಹೊಸ ಕಬ್ಬು ಮೊಳಕೆಯೊಡೆದಿತ್ತು. ಬಾಗಿಲು ಮುಚ್ಚಿದೆ, ನೀರು ಬಿಡಬಾರದು ಎಂದು ನಿಯಮದಂತೆ ಚೀಟಿ ಬರೆದು ಅವರ ನೀರು ಹಾಯಿಸುವ ಆಳು ಮಾಳಸಿದ್ದನ ಕೈಗೆ ಕೊಟ್ಟೆ. ನೀರು ಬಿಡಬೇಡ ಅನ್ನಲು ಈಕೆ ಯಾರು ಎಂದು ಮಗದುಮ್ ಅವರು ಚೀಟಿ ಹರಿದು, ಅಂದೇ ಎರಡನೇ ಮೋಟಾರನ್ನೂ ಚಾಲೂ ಮಾಡಿಸಿದರೆಂದು ಮಾಳಸಿದ್ದ ಸಂಜೆ ತಿಳಿಸಿದ. ಅವರು ಹಾಗೆಯೇ ಮಾಡುವರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಚೀಟಿ ಬರೆದೆ.

ಅವರ ಹೊಲದ ಅಂಚಿಗೆ, ಬದುವಿನಲ್ಲಿ ತಂಡದವರು ಹುಗಿದ ಅಳತೆ ಕೊಳವೆಯಲ್ಲಿ ನೆಲದೊಳಗಿನ ನೀರು ದಿ. 18ರಂದು 1 ಮೀಟರ್ 10 ಸೆಂ.ಮೀ. ಕೆಳಗಿತ್ತು. ದಿ. 25ರಂದು 70, ಮಾರ್ಚ್ 4ರಂದು 35, ಮಾರ್ಚ್ 11ರಂದು 8 ಸೆಂ.ಮೀ. ಅಳೆಯುವ ಕೆಲಸ ನನ್ನದು, ವಾರಕ್ಕೊಮ್ಮೆ. ನಾನು ದಿನಾಲೂ ಹೋಗಿ ಬದುವಿನ ಮೇಲೆ ನಿಂತು ನೋಡಿದೆ. ಮೊದಲು ಎಲೆ ಹಳದಿಯಾಯಿತು, ಆಮೇಲೆ ಸಾಲಿನ ಏರಿನ ಮೇಲೆ ಉಪ್ಪು ಕಂಡಿತು. ಬೆಳ್ಳಗಿತ್ತು.

ಮಾರ್ಚ್ 9ರಂದು ಮಾಳಸಿದ್ದ ಮನೆಗೆ ಬಂದು, ಬೇರು ಕೊಳೆಯುತ್ತಿದೆ, ಬಾಗಿಲು ತೆಗೆಯಿರಿ ಎಂದು ಕೇಳಿಕೊಂಡ. ಅವನಿಗೆ ಚಹಾ ಕೊಟ್ಟು ಕಳಿಸಿದೆ.

ಮಾರ್ಚ್ 12ರಂದು ಸಂಜೆ 5-20ಕ್ಕೆ ಮಗದುಮ್ ಅವರು ತಾವೇ ಬಂದರು. ಮೋಟಾರ್ ಸೈಕಲ್ಲಿನಿಂದ ಇಳಿಯಲಿಲ್ಲ. “ನೀಲವ್ವಾ, ಆದದ್ದ ಆತು. ತಗಿ ಅದನ್ನ,” ಎಂದರು. “ನಮ್ಮ ಜ್ವಾಳ ಎದ್ದ ನಿಂತ ದಿನಾ ತಗೀತೀನ್ರಿ,” ಎಂದೆ. ಅವರು ಗಾಡಿ ತಿರುಗಿಸಿದರು.

ನಾನು ಅವರ ಹೊಲದಲ್ಲಿ ಹೊಕ್ಕು ಪೈಪಿಗೆ ಸಿಮೆಂಟು ತುಂಬಿದೆನೆಂದು ಅವರು ಕೊಟ್ಟ ದೂರು ಸುಳ್ಳು. ಅವರ ಹೊಲಕ್ಕೆ ನಾನು ಒಂದು ಹೆಜ್ಜೆ ಇಟ್ಟಿಲ್ಲ. ಅಲ್ಲಿ ನಿಂತ ನೀರಿನಲ್ಲಿ ನಾನು ಬಿಟ್ಟದ್ದು ಒಂದು ಕೊಡವೂ ಇಲ್ಲ. ಆದರೆ ಆ ಕಬ್ಬು ಕೊಳೆಯಲೆಂದೇ ಬಾಗಿಲು ಮುಚ್ಚಿದ್ದು ನಿಜ.

ಇದನ್ನು ಬರೆದುಕೊಂಡ ಹವಾಲ್ದಾರರು ಬಾಗಿಲು ಮುಚ್ಚಿದ ಸಂಗತಿಯ ಮುಂದೆ “ಸಿಟ್ಟಿನ ಭರದಲ್ಲಿ” ಎಂದು ಬರೆದಿದ್ದರು. ಹಾಗಿದ್ದರೆ ನಿಮಗೆ ಕೇಸು ಹಗುರಾಗುತ್ತದೆ, ಬಾಯಾರೇ, ಎಂದು ತಿಳಿಹೇಳಿದರು. ನನ್ನ ಒಳ್ಳೆಯದಕ್ಕೇ ಹೇಳಿದರು. ಆ ಮಾತನ್ನು ಹೊಡೆದುಹಾಕಿಸಿ, “ಎಂಟು ದಿನ ಯೋಚಿಸಿ” ಎಂದು ಬರೆಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ರಾಯಬಾಗ
ದಿನಾಂಕ: 13-03-2025
ಸಹಿ: ನೀಲಮ ಬಾ. ಕಾಂಬಳೆ