ಜಾಕಿನ ರಾಡಿಗೆ ಕೊಟ್ಟ ಹೊಳಪು

...ಅಲ್ಲ ಕಣಮ್ಮ ವೇದಾವತಿ, ಈ ರಾಡು ನಮ್ಮಂಗಡೀದೇ ಅಲ್ಲ! ಮಧುಗಿರೀಲಿ ಕ್ರೋಮ್ ಹಾಕೋನು ಈ ಕದಿರಯ್ಯ ಒಬ್ನೇನಾ? ಹಿಂದೂಪುರದಾಗೂ ಅವ್ರೆ. ನಿನ್ ಗಂಡ ಎಲ್ಲಿಗ್ ತಗೊಂಡೋಗಿದ್ನೋ... ಟೇಬಲ್ ಮೇಲಿಂದ ಎತ್ತು ಅದ್ನ. ಎತ್ತಮ್ಮ!

ಕುಂತ್ಕೊ. ಅವ್ನ ತಿಥಿ ಮುಗ್ದು ಮೂರ್ ದಿನ ಆಗಿಲ್ಲ, ದೊಡ್ಡೇರಿಯಿಂದ ಇದ್ನ ಹೊತ್ಕೊಂಡ್ ಬಂದ್ಬುಟ್ಟಿದೀಯ. ನೀರ್ ಕುಡೀತೀಯಾ? ಬ್ಯಾಡ್ವಾ... ಸರಿ.

ನೋಡು, ಕ್ರೋಮ್‌ನಾಗೆ ಎರಡ್ ಬಗೆ. ಬೈಕ್ ಹ್ಯಾಂಡ್ಲು, ಸೈಲೆನ್ಸರು, ಅವಕ್ಕೆಲ್ಲ ಶೋಕಿ ಕ್ರೋಮು. ಅಡೀಲಿ ನಿಕ್ಕಲ್ಲು, ಮ್ಯಾಲೆ ಹತ್ ನಿಮಿಷದ ತೆಳ್ಳನೆ ಹೊಳಪು. ನೋಡಕ್ ಚೆಂದ, ಅಷ್ಟೇ. ಟ್ರೈಲರ್ ಎತ್ತೋ ಜಾಕಿಗೆ ಅದ್ ನಡೆಯಲ್ಲ. ಹಪ್ಪಳದಂಗೆ ಎದ್ದು, ಎಣ್ಣೆ ತಡೆಯೋ ಸೀಲ್ ಕುಯ್ತದೆ, ಎಣ್ಣೆ ಹಾರ್ತದೆ, ಟ್ರೈಲರು ದಬಕ್ಕಂತ... ಜಾಕಿಗೆ ಹಾರ್ಡ್ ಕ್ರೋಮೇ ಆಗ್ಬೇಕು. ಗಂಟೆಗಟ್ಲೆ ತೊಟ್ಟೀಲಿ ಕೂರ್ಬೇಕು. ಮಧ್ಯ ಕರೆಂಟ್ ಹೋಯ್ತೋ, ಮೊದ್ಲಿಂದ ಮಾಡ್ಬೇಕು. ನಮ್ಮೂರ್ ತ್ರೀಫೇಸು ನಿಂಗೇ ಗೊತ್ತಲ್ಲ... ಯಾಕಂಗ್ ನೋಡ್ತೀಯಾ?

ಓ, ಸೈಲೆನ್ಸರ್‌ಗಳ ಮ್ಯಾಲಿನ ಆ ಗೋಣಿಚೀಲಾನಾ? ಧೂಳ್ ಕೂರ್ತದೆ ಅಂತ ಮುಚ್ಚಿದೀನಿ.

...ಧೂಳಲ್ಲ ಕಣಮ್ಮ. ಪಾಲಿಶ್ ಮಾಡಿ ತಿರುಗ್ಸಿದ್ರೆ ಸಾಕು, ಒಂದೊಂದ್ ಸೈಲೆನ್ಸರ್‌ನಾಗೂ ನಿನ್ ಗಂಡ ಸಣ್ಣರಂಗಯ್ಯ ಬಗ್ಗಿ ನೋಡ್ತಾನೆ. ಮೀಸೆ ತೀಡ್ಕೋತಾನೆ. ಹೆದ್ರಿಕೆ ಆಗ್ತದೆ ನಂಗೆ, ಹಗಲೊತ್ನಾಗೇ!

ನಗ್ತೀಯಾ? ಯಾಕಮ್ಮ ನಗ್ತೀಯಾ? ಮೀಸೆ ಅಂದಿದ್ಕಾ... ಹ್ಞೂಂ, ಅದೇ ಅಲ್ವಾ ಅವ್ನ ಚಾಳಿ. ಆವತ್ತೂ ಅಂಗೇ, ಈ ರಾಡ್‌ನಾಗೇ ಮುಖ ನೋಡ್ಕೊಂಡು, "ಕನ್ನಡಿ ಆಗೈತೆ ಕಣಣ್ಣ" ಅಂತ ಇಲ್ಲೇ ನಿಂತ್ಕೊಂಡು...

ಅಯ್ಯೋ.

ಬೈಯಮ್ಮ. ಉಗಿ. ಏನಾರ ಒಂದ್ ಮಾತಾಡು!

ಕರೆಂಟ್ ಎರಡ್ ಸಲ ಕೈ ಕೊಡ್ತು ಕಣಮ್ಮ. ಬೆಳಗ್ಗೆಯಿಂದ ಕಾಯ್ತಾ ಕುಂತಿದ್ದ. ಶೋಕಿ ಕ್ರೋಮ್ ಹಾಕಿ ಕಳ್ಸ್‌ಬುಟ್ಟೆ. ತಪ್ಪು, ಒಪ್ತೀನಿ. ಆದ್ರೆ ಅವ್ನೂ ಅಷ್ಟೇ... ಟ್ರೈಲರ್ ಕೆಳಗೆ ಗ್ರೀಸ್ ಹೊಡಿಯಕ್ ನುಗ್ಗೋನು ಒಂದ್ ಮರದ ದಿಮ್ಮಿ ಆಸರೆ ಕೊಡ್ಬಾರ್ದಾ? ಚಿಕ್ ಹುಡುಗ್ರಿಗೂ ಗೊತ್ತು! ಅವ್ನಿಗ್ ಗೊತ್ತಿರ್ಲಿಲ್ವಾ? ಹೇಳು, ಗೊತ್ತಿರ್ಲಿಲ್ವಾ?

...ಅಂಗ್ ನೋಡ್ಬ್ಯಾಡ. ನೋಡ್ಬ್ಯಾಡ ತಾಯಿ, ಹೇಳ್ತೀನಿ.

ಗೊತ್ತಿತ್ತು. ಇಲ್ಲೇ, ಈ ಬಾಗ್ಲಾಗೇ ಕೇಳ್ದ. "ಅಣ್ಣ, ಇನ್ಮ್ಯಾಲೆ ದಿಮ್ಮಿ ಕೊಡ್ಬೇಕಾ, ಜಾಕೇ ತಡೀತದಾ?" ಕೊಡು ಅಂದಿದ್ರೆ, ಹೊಸ ಕ್ರೋಮ್ ಹಾಕಿದ್ಮ್ಯಾಲೂ ಯಾಕೆ ಅಂತಿದ್ದ. ನನ್ ಕಳ್ಳ ಕೆಲ್ಸ ಗೊತ್ತಾಗ್ಬುಡ್ತಿತ್ತು.

ನಾನೇ ಕಣಮ್ಮ... ದಿಮ್ಮಿ ಬ್ಯಾಡ ಅಂದಿದ್ದು ನಾನೇ.