ಎಸ್ನಾಟಿಯ ತಟ್ಟೆಯಲ್ಲಿ ಒಂದೇ ಉಂಡೆ

ಈ ಸಭೆಯ ಅಧ್ಯಕ್ಷರಾದ ನಮ್ಮ ಊರಿನ ಮುಖ್ಯಸ್ಥರೇ, ಜಿಲ್ಲಾ ಕೇಂದ್ರದಿಂದ ಬಂದಿರುವ ಅಧಿಕಾರಿಗಳೇ, ಏಳನೇ ತರಗತಿಯವರೆಗೆ ನನಗೆ ಪಾಠ ಹೇಳಿ ಆಮೇಲೆ ನನ್ನಿಂದ ಬಿಡುಗಡೆ ಪಡೆದ ಹೆಡ್‌ಮಾಸ್ತರರೇ, ಮುಂದಿನ ಚಾಪೆಗಳನ್ನು ಯಾರಿಗೂ ಬಿಟ್ಟುಕೊಡದೆ ಕೂತಿರುವ ಅಜ್ಜಿಯರೇ, ತಾಯಂದಿರೇ, ಸಭಿಕರೇ,

ಜಿಲ್ಲೆಯ ಹಳ್ಳಿಹಳ್ಳಿಗೂ ಹೋಗಲಿರುವ ಆಹಾರಪಾಠದ ಹೊಸ ಚಿತ್ರಪಟಗಳು ಇವತ್ತು ಇಲ್ಲಿ ಬಿಡುಗಡೆಯಾಗಿವೆ. ಅವುಗಳನ್ನು ಬರೆದವಳು ಎಂದು ನನಗೆ ಹೊಸ ಬಟ್ಟೆ ಹೊದಿಸಿದ್ದೀರಿ. ಬಟ್ಟೆ ಚೆನ್ನಾಗಿದೆ, ವಾಪಸ್ ಕೊಡುವುದಿಲ್ಲ. ಆದರೆ ಅಧ್ಯಕ್ಷರು ಈಗಷ್ಟೇ ಹೇಳಿದ ಒಂದು ಮಾತನ್ನು ತಿದ್ದಬೇಕಾಗಿದೆ. ಟಿಯಾಮಿಕೆ ಕಲಿಸಿದಳು, ಊರು ಕಲಿಯಿತು ಎಂದರು. ಹಾಗೆ ನಡೆಯಲಿಲ್ಲ.

ಆಹಾರಪಾಠ ಹೇಳುವ ಈ ಕೆಲಸಕ್ಕೆ ನಾನು ಸೇರಿದ್ದೇ ಸೈಕಲ್ ಕೊಡುತ್ತಾರೆಂದು. ಶಾಲೆಯ ಬೆಂಚಿನಲ್ಲಿ ಕೂರಲಾಗದವಳಿಗೆ ಮತ್ತೇನು ಬೇಕು? ಸೈಕಲ್ ಜೊತೆ ಪಟಗಳ ಒಂದು ಕಟ್ಟನ್ನೂ ಕೊಟ್ಟರು. ಮೊದಲ ಪಟದಲ್ಲಿ ಒಬ್ಬ ತಾಯಿ, ಅವಳ ಮುಂದೊಂದು ತಟ್ಟೆ. ತಟ್ಟೆಯಲ್ಲಿ ಒಂದೇ ಒಂದು ಮೆಕ್ಕೆಜೋಳದ ನ್ಸಿಮಾ ಉಂಡೆ, ಸುತ್ತಲೂ ಬೀನ್ಸ್, ಸೊಪ್ಪು, ಮೀನು, ಮೊಟ್ಟೆ, ಹಣ್ಣು. ಬರೀ ಜೋಳದ ಹಿಟ್ಟಿನಿಂದ ಹೊಟ್ಟೆ ತುಂಬಿಸಬೇಡಿ ಎಂಬುದು ಪಾಠ. ಮಾವಿನ ಮರದ ಕೆಳಗೆ ನಿಂತು ಬಾಯಿಪಾಠ ಒಪ್ಪಿಸಿದೆ. ಎಲ್ಲರೂ ಪಟವನ್ನೇ ನೋಡುತ್ತ ಕೂತಿದ್ದರು.

ಮರುದಿನ ಬೆಳಗ್ಗೆ ಪಕ್ಕದ ಮನೆಯ ಫಲೆಸಿ ಅತ್ತೆ ತಲೆಯ ಮೇಲೆ ಹಿಟ್ಟಿನ ಬುಟ್ಟಿ ಹೊತ್ತು ಬಂದಳು.

"ತಗೊಳ್ಳೇ, ಇದನ್ನ ಅವಳಿಗೆ ತಲುಪಿಸು."

"ಯಾರಿಗೆ ಅತ್ತೆ?"

"ಅದೇ, ನಿನ್ನ ಪಟದ ಹೆಂಗಸಿಗೆ. ಪಾಪ, ಒಂದೇ ಉಂಡೆ ಇಟ್ಕೊಂಡು ಕೂತಿದಾಳೆ. ಅವಳೂರಲ್ಲಿ ನೆರೆಹೊರೆ ಅಂತ ಯಾರೂ ಇಲ್ವಾ?"

"ಅತ್ತೆ, ಅದು ಚಿತ್ರ."

"ಚಿತ್ರ ಅಂತ ನಂಗೂ ಗೊತ್ತು ಕಣೇ. ಯಾರನ್ನೋ ನೋಡಿ ತಾನೇ ಬರೆದಿರೋದು? ಆ ಯಾರೋ ಹೆಂಗಸಿಗೆ ಕೊಡು."

ಸಭಿಕರೇ, ಇದರಲ್ಲಿ ತಪ್ಪು ಯಾರದು? ಉಂಡೆಗಳನ್ನು ಒಂದರ ಮೇಲೊಂದು ಜೋಡಿಸದ ತಟ್ಟೆಯನ್ನು ನಮ್ಮಲ್ಲಿ ಯಾರಾದರೂ ಊಟ ಎನ್ನುತ್ತಾರೆಯೇ? ಒಂದೇ ಉಂಡೆ ಕಾಣುವುದು ಫೆಬ್ರವರಿಯಲ್ಲಿ, ಹಳೇ ಜೋಳ ಮುಗಿದು ಹೊಸದು ಇನ್ನೂ ಬಲಿಯದ ದಿನಗಳಲ್ಲಿ. ಪಟ ಬರೆದವರು ಒಳ್ಳೆಯ ಊಟ ತೋರಿಸಿದ್ದರು. ನಮ್ಮೂರಿಗೆ ಕಂಡದ್ದು ಹಸಿದ ಹೆಂಗಸು.

ಮುಂದಿನ ವಾರ ಹೋದರೆ ಪಾಠ ಯಾರಿಗೆ ಬೇಕಿತ್ತು? "ಅವಳಿಗೆ ಹಿಟ್ಟು ಸಿಕ್ತಾ?" ಎಂದೇ ಎಲ್ಲರೂ ಕೇಳಿದರು. ಅವಳಿಗೆ ಎಸ್ನಾಟಿ ಎಂದು ಹೆಸರಿಟ್ಟರು. ಗಂಡ ಗಣಿ ಕೆಲಸಕ್ಕೆ ಹೋದವನು ತಿರುಗಿ ಬಂದಿಲ್ಲ ಎಂದೂ ಅವರೇ ತೀರ್ಮಾನಿಸಿದರು. ಮನೆ ಹೇಗಿದೆ, ಮಗು ಹೇಗಿದೆ ಎಂದು ಪೀಡಿಸಿದರು. ಕಟ್ಟಿನಲ್ಲಿ ಅಂಥ ಪಟ ಇರಲಿಲ್ಲ. ಸಿಮೆಂಟ್ ಚೀಲದ ಕಾಗದ ಹರಿದು ಇದ್ದಿಲಿನಿಂದ ನಾನೇ ಬರೆದೆ.

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬರೆಯಲೂ ಬರುವುದಿಲ್ಲ. ಗೊತ್ತಿದ್ದ ಮನೆಯನ್ನೇ, ಗೊತ್ತಿದ್ದ ಮಗುವನ್ನೇ ಬರೆದೆ. ನನ್ನ ಅಕ್ಕ ಎಲುಬಿಯ ಮಗ ಯಾಮಿಕಾನಿ. ಕೂದಲು ಕೆಂಚಾಗಿತ್ತು. ತೋಳಿಗೆ ಸುತ್ತಿ ಮಗುವಿನ ಪುಷ್ಟಿ ಅಳೆಯುವ ಬಣ್ಣದ ಪಟ್ಟಿ ಹಳದಿ ತೋರಿಸುತ್ತಿತ್ತು, ಅದರ ಕೆಳಗೆ ಉಳಿದಿದ್ದು ಕೆಂಪು ಮಾತ್ರ. ಎಲುಬಿ ನನ್ನ ಪಾಠವನ್ನೆಲ್ಲ ಕೇಳಿದ್ದಳು. ಕೇಳಿ ಏನು ಬಂತು? ನಮ್ಮಲ್ಲಿ ಮಗುವಿನ ಗಂಜಿ ತಾಯಿಯ ಕೈಯಲ್ಲಿದೆಯೇ? ಅದು ಅಜ್ಜಿಯ ಕೈಯಲ್ಲಿದೆ. ನಮ್ಮ ಅಜ್ಜಿ ನಾಂಬೆವೆ ನೀರುಗಂಜಿ ಬಿಟ್ಟು ಬೇರೇನೂ ಕೊಡಲೊಲ್ಲಳು. "ಮೊಟ್ಟೆ ರುಚಿ ಹತ್ತಿದ ಮಗು ಕಳ್ಳ ಆಗತ್ತೆ. ನಿನ್ನ ತಮ್ಮನಿಗೂ ನಾನು ಕೊಟ್ಟವಳಲ್ಲ," ಎನ್ನುತ್ತಿದ್ದಳು.

ತಮ್ಮ ಕಳ್ಳನಾಗಲಿಲ್ಲ. ನಡೆಯುವುದನ್ನು ಕಲಿಯುವಷ್ಟು ದಿನ ಉಳಿಯಲೂ ಇಲ್ಲ. ಅವನ ಪಾದಗಳು ಊದಿಕೊಂಡಿದ್ದವು, ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಒತ್ತಿ ನೋಡುತ್ತಿದ್ದವಳು ನಾನೇ, ನನಗದು ಆಟವಾಗಿತ್ತು. ಇದನ್ನು ಇಲ್ಲಿ ಹೇಳಬೇಕು ಅಂದುಕೊಂಡು ಬಂದಿರಲಿಲ್ಲ. ಇರಲಿ.

ಪಟ ಎತ್ತಿ ಹಿಡಿದು, "ಎಸ್ನಾಟಿಯ ಮಗು ಇದು, ಏನು ಮಾಡೋಣ?" ಎಂದೆ.

"ಗಂಜಿಗೆ ಒಂದು ಹಿಡಿ ಕಡಲೆಕಾಯಿ ಕುಟ್ಟಿ ಹಾಕೋಕೆ ಏನು ರೋಗ ಅವಳಿಗೆ?" ಎಂದಳು ಫಲೆಸಿ ಅತ್ತೆ.

"ಅಂಗಳದಲ್ಲಿ ಕೋಳಿ ಓಡಾಡ್ತಿದೆ. ಮೊಟ್ಟೆನ ಯಾರಿಗೆ ಕಾದಿಟ್ಟಿದಾಳಂತೆ?" ಎಂದಳು ಇನ್ನೊಬ್ಬಳು.

"ಒಲೆ ಮುಂದೆ ಆ ಮುದುಕಿ ಕೂತಿದಾಳಲ್ಲ, ಅವಳು ಬಿಡಬೇಕಲ್ಲಮ್ಮ."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಪಟದ ಮುದುಕಿಯ ಪಕ್ಕ ಬಾಯಿ ಒಡೆದ ಮಡಕೆಯೊಂದಿತ್ತು. ಆ ಮಡಕೆ ಯಾರ ಮನೆಯದೆಂದು ಇಡೀ ಊರಿಗೆ ಗೊತ್ತು. ನಾನು ಬಲೆ ಹೂಡಿರಲಿಲ್ಲ ಸಭಿಕರೇ, ನನಗೆ ಗೊತ್ತಿರುವುದೇ ಅದೊಂದು ಒಲೆ.

ಅಜ್ಜಿ ಎದ್ದು ಪಟದ ಹತ್ತಿರ ಬಂದಳು. "ಈ ಮುದುಕಿಗೆ ನನ್ನ ಹೆಸರು ಯಾಕೆ ಹಾಕಲಿಲ್ಲ?"

"ಹೆದರಿಕೆ ಆಯ್ತು ಅಜ್ಜಿ."

"ಮಡಕೆ ಬರೆಯೋಕೆ ಆಗಲಿಲ್ವಾ ಹೆದರಿಕೆ?"

ಅವಳು ಬಗ್ಗಿ ಪಟದ ಮಗುವಿನ ಕಾಲುಗಳನ್ನೇ ನೋಡುತ್ತ ನಿಂತಳು.

"ಇದಕ್ಕೆ ಪಾದ ಊದಿಲ್ಲ ಅಲ್ವಾ?"

"ಇಲ್ಲ ಅಜ್ಜಿ."

"ಹಾಗಾದ್ರೆ ಹೊತ್ತು ಮೀರಿಲ್ಲ," ಎಂದವಳೇ ಮನೆಯ ಕಡೆ ನಡೆದಳು. ನಾನು ಪಟ ಸುತ್ತಿಕೊಂಡು ಬರುವಷ್ಟರಲ್ಲಿ ಒರಳಿನಲ್ಲಿ ಕಡಲೆಕಾಯಿ ಕುಟ್ಟುವ ಸದ್ದು ಕೇಳುತ್ತಿತ್ತು. ಆ ಸಂಜೆಯ ಗಂಜಿಗೆ ಮೊಟ್ಟೆ ಒಡೆದು ಕಲಕಿದ್ದು ಅವಳದೇ ಕೈ.

ಆಮೇಲೆ ನೋಡಿ, ಉಳಿದ ಅಜ್ಜಿಯರಿಗೆ ಹೊಟ್ಟೆಕಿಚ್ಚು. ನಮ್ಮ ಒಲೆಯನ್ನೇಕೆ ಬರೆಯಲಿಲ್ಲ ಎಂದು ಜಗಳಕ್ಕೆ ಬಂದರು. ಬರೆಯುತ್ತೇನೆ, ಮೊದಲು ಗಂಜಿಗೆ ಏನು ಹಾಕುತ್ತೀರಿ ತೋರಿಸಿ ಎಂದೆ. ಇವತ್ತಿನ ಈ ಕಟ್ಟಿನಲ್ಲಿರುವ ಒಲೆಗಳೆಲ್ಲ ಇಲ್ಲಿ ಕೂತಿರುವವರವು. ಉಂಡೆಗಳ ರಾಶಿ ಸ್ವಲ್ಪ ಕಡಿಮೆ ಮಾಡೋಣವೇ ಎಂದು ಅಧಿಕಾರಿಗಳು ಮೆಲ್ಲಗೆ ಕೇಳಿದ್ದರು. ಫಲೆಸಿ ಅತ್ತೆಯನ್ನು ಕೇಳಿ ಎಂದೆ. ಅವರು ಕೇಳಲಿಲ್ಲ. ರಾಶಿ ಹಾಗೇ ಇದೆ, ಪಕ್ಕದ ಬೀನ್ಸ್ ಬಟ್ಟಲು ಮಾತ್ರ ದೊಡ್ಡದಾಗಿದೆ.

ಕಳೆದ ತಿಂಗಳು ಆರೋಗ್ಯ ಕಾರ್ಯಕರ್ತೆ ಯಾಮಿಕಾನಿಯ ತೋಳಿಗೆ ಪಟ್ಟಿ ಸುತ್ತಿದಳು. ಹಸಿರು. ಎಲುಬಿ ಅತ್ತುಬಿಟ್ಟಳು. ಅಜ್ಜಿ ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

"ಅದಕ್ಕೆ ಈಗ ಗೊತ್ತಾಯ್ತಾ? ದಿನಾ ಬೆನ್ನಿಗೆ ಕಟ್ಕೊಂಡು ಓಡಾಡೋಳು ನಾನು. ನನ್ನ ಸೊಂಟಕ್ಕೆ ಯಾವತ್ತೋ ಗೊತ್ತಾಗಿದೆ."

ಅಗೋ, ಅಲ್ಲಿ ಕಾಲು ಚಾಚಿ ಕೂತಿದ್ದಾಳೆ. ಸೊಂಟ ಹಿಡಿದಿದೆ ಎಂದು ಬೆಳಗ್ಗೆಯಿಂದ ಬಂದವರಿಗೆಲ್ಲ ಹೇಳುತ್ತಿದ್ದಾಳೆ. ನೋವನ್ನು ಇಷ್ಟು ಜಂಬದಿಂದ ಹೇಳಿಕೊಳ್ಳುವವರನ್ನು ನಾನು ನೋಡಿಲ್ಲ. ಈ ಪಟಗಳು ಹೋಗುವ ಊರೂರಿನ ಅಜ್ಜಿಯರಿಗೂ ಇಂಥದೇ ಸೊಂಟನೋವು ಬರಲಿ ಎಂದು ಹಾರೈಸುತ್ತ, ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆ ಹೇಳುತ್ತೇನೆ. ನಮಸ್ಕಾರ.